ಚಾರ್ಜರ್ ತೆಗೆದರೆ ಕರೆಂಟ್ ಬಿಲ್ ಅರ್ಧ ಆಗುತ್ತದೆಯೇ? ಉಳಿತಾಯದ ಫಾರ್ವರ್ಡ್‌ಗಳ ಲೆಕ್ಕ ಹಾಕೋಣ

ಬೇಸಿಗೆ ಶುರುವಾಯಿತೆಂದರೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಕರೆಂಟ್ ಉಳಿಸುವ ಸಲಹೆಗಳ ಮಳೆ. ‘ಚಾರ್ಜರ್ ಪ್ಲಗ್‌ನಲ್ಲಿ ಬಿಡಬೇಡಿ’, ‘ರಾತ್ರಿ ಫ್ರಿಜ್ ಆಫ್ ಮಾಡಿ’, ‘ಈ ಪುಟ್ಟ ಸಾಧನ ಪ್ಲಗ್‌ಗೆ ಹಾಕಿದರೆ ಬಿಲ್ ಅರ್ಧಕ್ಕೆ ಇಳಿಯುತ್ತದೆ’. ಇವುಗಳಲ್ಲಿ ಕೆಲವು ನಿಜ, ಕೆಲವು ಅರ್ಧ ನಿಜ, ಕೆಲವು ಶುದ್ಧ ಸುಳ್ಳು. ತೊಂದರೆ ಏನೆಂದರೆ, ಎಲ್ಲವೂ ಒಂದೇ ತೂಕದಲ್ಲಿ ಬರುತ್ತವೆ. ತಿಂಗಳಿಗೆ 1 ರೂಪಾಯಿ ಉಳಿಸುವ ಸಲಹೆಯೂ 150 ರೂಪಾಯಿ ಉಳಿಸುವ ಸಲಹೆಯೂ ಅಕ್ಕಪಕ್ಕದಲ್ಲೇ ಕೂತಿರುತ್ತವೆ. ನಾವು ಸುಲಭವಾದದ್ದನ್ನು ಮಾಡಿ, ಉಳಿಸಿದೆವು ಎಂದು ಸಮಾಧಾನಪಟ್ಟುಕೊಳ್ಳುತ್ತೇವೆ.

ಹಾಗಾಗಿ ಈ ಲೇಖನದಲ್ಲಿ ಪ್ರತಿ ಸಲಹೆಯನ್ನೂ ರೂಪಾಯಿಯಲ್ಲಿ ಅಳೆದು ನೋಡೋಣ.

ಮೊದಲು ಒಂದೇ ಒಂದು ಸೂತ್ರ

1000 ವ್ಯಾಟ್‌ನ ಉಪಕರಣ 1 ಗಂಟೆ ಓಡಿದರೆ 1 ಯೂನಿಟ್. ಅಷ್ಟೇ. ಉಪಕರಣದ ವ್ಯಾಟ್ ಅನ್ನು ಗಂಟೆಗಳಿಂದ ಗುಣಿಸಿ, 1000ದಿಂದ ಭಾಗಿಸಿ. ಬಂದ ಉತ್ತರವೇ ಯೂನಿಟ್. ವ್ಯಾಟ್ ಎಷ್ಟೆಂದು ಉಪಕರಣದ ಹಿಂದಿನ ಚೀಟಿಯಲ್ಲಿ ಬರೆದಿರುತ್ತದೆ. ಲೆಕ್ಕ ಸುಲಭವಾಗಲಿ ಎಂದು ಇಲ್ಲಿ ಯೂನಿಟ್‌ಗೆ 6 ರೂಪಾಯಿ ಹಿಡಿದಿದ್ದೇನೆ. ನಿಮ್ಮ ಬಿಲ್‌ನಲ್ಲಿರುವ ದರ ಹಾಕಿ ನೀವೇ ಮತ್ತೆ ಲೆಕ್ಕ ಮಾಡಬಹುದು.

ಹೇಳಿಕೆ 1: ಚಾರ್ಜರ್ ಪ್ಲಗ್‌ನಲ್ಲೇ ಬಿಟ್ಟರೆ ಬಿಲ್ ಏರುತ್ತದೆ

ನಿಜ, ಆದರೆ ಎಷ್ಟು? ಫೋನ್ ಜೋಡಿಸದ ಚಾರ್ಜರ್ ಎಳೆಯುವುದು ಒಂದು ವ್ಯಾಟ್‌ಗಿಂತ ತುಂಬಾ ಕಡಿಮೆ. 0.3 ವ್ಯಾಟ್ ಎಂದೇ ಇಟ್ಟುಕೊಳ್ಳಿ. ದಿನದ 24 ಗಂಟೆಯೂ ಬಿಟ್ಟರೆ ವರ್ಷಕ್ಕೆ ಸುಮಾರು 2.6 ಯೂನಿಟ್, ಅಂದರೆ 16 ರೂಪಾಯಿ. ತಿಂಗಳಿಗೆ ಒಂದೂಕಾಲು ರೂಪಾಯಿ ಚಿಲ್ಲರೆ. ಅಷ್ಟೇಕೆ, ಫೋನನ್ನು ದಿನಕ್ಕೊಮ್ಮೆ ಪೂರ್ತಿ ಚಾರ್ಜ್ ಮಾಡಿದರೂ ತಿಂಗಳಿಗೆ 5 ರೂಪಾಯಿ ದಾಟುವುದಿಲ್ಲ. ಸುರಕ್ಷತೆಗಾಗಿ ಸ್ವಿಚ್ ಆಫ್ ಮಾಡಿ, ಒಳ್ಳೆಯದೇ. ಆದರೆ ಬಿಲ್ ಇಳಿಯುತ್ತದೆ ಎಂಬ ಆಸೆ ಬೇಡ.

ಇದೇ ಜಾತಿಯಲ್ಲಿ ನಿಜವಾಗಿ ಗಮನಿಸಬೇಕಾದದ್ದು ಟಿವಿಯ ಸೆಟ್ ಟಾಪ್ ಬಾಕ್ಸ್. ರಿಮೋಟ್‌ನಿಂದ ಆಫ್ ಮಾಡಿದರೂ ಹಲವು ಬಾಕ್ಸ್‌ಗಳು ಬಿಸಿಯಾಗಿಯೇ ಇರುತ್ತವೆ, ಮುಟ್ಟಿ ನೋಡಿ. ಆ ಬಿಸಿ ಬರುವುದು ನಿಮ್ಮ ಕರೆಂಟ್‌ನಿಂದಲೇ. 10 ವ್ಯಾಟ್ ಎಳೆಯುವ ಬಾಕ್ಸ್ ಅನ್ನು, ಟಿವಿ ನೋಡದ 18 ಗಂಟೆ ಗೋಡೆಯ ಸ್ವಿಚ್‌ನಲ್ಲೇ ಆಫ್ ಮಾಡಿದರೆ ತಿಂಗಳಿಗೆ 5.4 ಯೂನಿಟ್, ಸುಮಾರು 32 ರೂಪಾಯಿ ಉಳಿತಾಯ. ಚಾರ್ಜರ್‌ಗಿಂತ 20 ಪಟ್ಟಿಗೂ ಹೆಚ್ಚು.

ಹೇಳಿಕೆ 2: ‘ಪವರ್ ಸೇವರ್’ ಪ್ಲಗ್ ಹಾಕಿದರೆ ಬಿಲ್ ಅರ್ಧ

ಸುಳ್ಳು. ಇದರೊಳಗೆ ಸಾಮಾನ್ಯವಾಗಿ ಇರುವುದು ಒಂದು ಕೆಪಾಸಿಟರ್ ಮತ್ತು ಒಂದು ಪುಟ್ಟ ದೀಪ. ಮಾರುವವರು ‘ಪವರ್ ಫ್ಯಾಕ್ಟರ್ ಸರಿಪಡಿಸುತ್ತದೆ’ ಎನ್ನುತ್ತಾರೆ. ಈ ಮಾತಿಗೆ ಒಂದು ಹಿನ್ನೆಲೆ ಇದೆ. ದೊಡ್ಡ ಮೋಟಾರ್‌ಗಳಿರುವ ಕಾರ್ಖಾನೆಗಳಲ್ಲಿ ಪವರ್ ಫ್ಯಾಕ್ಟರ್ ಕಡಿಮೆಯಾದರೆ ದಂಡ ಬೀಳುತ್ತದೆ, ಅಲ್ಲಿ ದೊಡ್ಡ ಕೆಪಾಸಿಟರ್‌ಗಳಿಂದ ಲಾಭವಿದೆ. ಆದರೆ ಮನೆಯ ಬಿಲ್ ಬರುವುದು ನಾವು ನಿಜವಾಗಿ ಬಳಸಿದ ಯೂನಿಟ್‌ಗೆ ಮಾತ್ರ. ಕೆಪಾಸಿಟರ್ ಆ ಯೂನಿಟ್ ಅನ್ನು ಕಡಿಮೆ ಮಾಡಲಾರದು.

ನಮ್ಮ ಮನೆಗೂ ಇಂಥದ್ದೊಂದು ಬಂದಿತ್ತು. ಜಾತ್ರೆಯಲ್ಲಿ ಅಮ್ಮ ಕೊಂಡು ತಂದಿದ್ದರು. ವಾದ ಮಾಡುವ ಬದಲು ಇಬ್ಬರೂ ಮೀಟರ್ ಮುಂದೆ ನಿಂತೆವು. ಡಿಜಿಟಲ್ ಮೀಟರ್‌ನಲ್ಲಿ ಮಿನುಗುವ ಒಂದು ಕೆಂಪು ದೀಪ ಇರುತ್ತದೆ. ಅದರ ಪಕ್ಕದಲ್ಲಿ 3200 ಎಂಬಂಥ ಒಂದು ಸಂಖ್ಯೆ ಬರೆದಿರುತ್ತದೆ. ಅಷ್ಟು ಬಾರಿ ಮಿನುಗಿದರೆ 1 ಯೂನಿಟ್ ಎಂದರ್ಥ. ಮನೆಯ ಎಲ್ಲವನ್ನೂ ಆಫ್ ಮಾಡಿ ಒಂದು ಫ್ಯಾನ್ ಮಾತ್ರ ಓಡಿಸಿ, 5 ನಿಮಿಷ ಎಣಿಸಿದೆವು. ಸುಮಾರು 20 ಬಾರಿ ಮಿನುಗಿತು. ಆಮೇಲೆ ಆ ಪ್ಲಗ್ ಹಾಕಿ ಮತ್ತೆ 5 ನಿಮಿಷ ಎಣಿಸಿದೆವು. ಆಗಲೂ ಅಷ್ಟೇ. ಅಮ್ಮನಿಗೆ ಅದಕ್ಕಿಂತ ಹೆಚ್ಚು ವಿವರಣೆ ಬೇಕಾಗಲಿಲ್ಲ. ನಿಮ್ಮ ಮನೆಯಲ್ಲೂ ಮಾಡಿ ನೋಡಿ, ಖರ್ಚಿಲ್ಲದ ಪರೀಕ್ಷೆ.

ಇದರ ಜೊತೆಗೇ ಬರುವ ಇನ್ನೊಂದು ಫಾರ್ವರ್ಡ್, ‘ಮೀಟರ್ ಪಕ್ಕ ಅಯಸ್ಕಾಂತ ಇಡಿ’ ಎಂಬುದು. ಇದು ಉಳಿತಾಯವಲ್ಲ, ಕಳ್ಳತನ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ಮೀಟರ್ ತಿದ್ದಿದರೆ 3 ವರ್ಷದವರೆಗೆ ಜೈಲಾಗಬಹುದು. ದಯವಿಟ್ಟು ಅದನ್ನು ಯಾರಿಗೂ ಕಳಿಸಬೇಡಿ.

ಹೇಳಿಕೆ 3: ರಾತ್ರಿ ಫ್ರಿಜ್ ಆಫ್ ಮಾಡಿದರೆ ಉಳಿತಾಯ

ಇದನ್ನು ಮಾಡಬೇಡಿ. ಫ್ರಿಜ್ ಇಡೀ ಹೊತ್ತು ಒಂದೇ ಸಮ ಓಡುವುದಿಲ್ಲ. ಒಳಗೆ ತಂಪು ಸಾಕಾದಾಗ ಕಂಪ್ರೆಸರ್ ತಾನೇ ನಿಲ್ಲುತ್ತದೆ ಅಥವಾ ನಿಧಾನವಾಗುತ್ತದೆ. ರಾತ್ರಿ ಆಫ್ ಮಾಡಿದರೆ ಹೊರಗಿನ ಶಾಖ ಒಳಗೆ ಹೋಗುತ್ತದೆ. ಬೆಳಗ್ಗೆ ಆನ್ ಮಾಡಿದಾಗ ಆ ಶಾಖವನ್ನೆಲ್ಲ ಹೊರಹಾಕಲು ಕಂಪ್ರೆಸರ್ ಬಹಳ ಹೊತ್ತು ಓಡಬೇಕು. ಉಳಿದದ್ದರಲ್ಲಿ ಬಹುಪಾಲು ಅಲ್ಲೇ ಹೋಗುತ್ತದೆ. ಅಷ್ಟರಲ್ಲಿ ಹಾಲು, ಮೊಸರು, ನಿನ್ನೆಯ ಸಾರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ಶುರುವಾಗುತ್ತದೆ. ಅರ್ಧ ಲೀಟರ್ ಹಾಲು ಕೆಟ್ಟರೆ, ಉಳಿಸಿದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚು.

ಅದರ ಬದಲು ಬಿಸಿ ಅನ್ನ, ಸಾರನ್ನು ಆರಿಸಿ ಇಡಿ, ಫ್ರಿಜ್‌ಗೂ ಗೋಡೆಗೂ ನಡುವೆ ಗಾಳಿಯಾಡಲು ಜಾಗ ಬಿಡಿ. ಹೊಸದು ಕೊಳ್ಳುವಾಗ ನಕ್ಷತ್ರ ಎಣಿಸುವುದಷ್ಟೇ ಸಾಲದು, ಚೀಟಿಯಲ್ಲಿ ‘ವರ್ಷಕ್ಕೆ ಎಷ್ಟು ಯೂನಿಟ್’ ಎಂದು ಬರೆದಿರುವುದನ್ನೂ ಹೋಲಿಸಿ.

ಹೇಳಿಕೆ 4: 3000 ವ್ಯಾಟ್ ಗೀಸರ್ ಬೇಡ, 2000 ವ್ಯಾಟ್‌ನದು ಕರೆಂಟ್ ಉಳಿಸುತ್ತದೆ

ತಪ್ಪು ಲೆಕ್ಕ. 22 ಡಿಗ್ರಿ ಇರುವ 20 ಲೀಟರ್ ನೀರನ್ನು 40 ಡಿಗ್ರಿಗೆ ಕಾಯಿಸಲು ಸುಮಾರು 0.42 ಯೂನಿಟ್ ಬೇಕು. 3000 ವ್ಯಾಟ್ ಗೀಸರ್ ಅದನ್ನು ಎಂಟೂವರೆ ನಿಮಿಷದಲ್ಲಿ ಮಾಡುತ್ತದೆ, 2000 ವ್ಯಾಟ್‌ನದು ಹನ್ನೆರಡೂವರೆ ನಿಮಿಷ ತೆಗೆದುಕೊಳ್ಳುತ್ತದೆ. ಬಕೆಟ್‌ಗೆ ಹಾಕುವ ಕಾಯಿಲ್‌ಗೂ ಇದೇ ಲೆಕ್ಕ. ನೀರಿಗೆ ಬೇಕಾದ ಶಾಖ ಒಂದೇ, ಬಿಲ್ ಕೂಡ ಹೆಚ್ಚುಕಡಿಮೆ ಒಂದೇ.

ಹಾಗಾದರೆ ಉಳಿಯುವುದು ಎಲ್ಲಿ? ನೀರಿನ ಪ್ರಮಾಣದಲ್ಲಿ. ಒಂದು ಬಕೆಟ್ ಬಿಸಿನೀರಿಗೆ ಎರಡೂವರೆ ರೂಪಾಯಿ. ನಿಮಿಷಕ್ಕೆ 6 ಲೀಟರ್ ಬರುವ ಶವರ್ ಕೆಳಗೆ 10 ನಿಮಿಷ ನಿಂತರೆ 60 ಲೀಟರ್, ಅಂದರೆ ಮೂರು ಬಕೆಟ್. ಒಬ್ಬರು ಶವರ್ ಬಿಟ್ಟು ಬಕೆಟ್‌ಗೆ ಬಂದರೆ ತಿಂಗಳಿಗೆ ಸುಮಾರು 25 ಯೂನಿಟ್, 150 ರೂಪಾಯಿ ಉಳಿಯುತ್ತದೆ. ನಾಲ್ಕು ಜನರ ಮನೆಯಲ್ಲಿ ಇದು ಎಷ್ಟಾಗುತ್ತದೆ ಎಂದು ನೀವೇ ಗುಣಿಸಿ. ಹಾಗೆಯೇ ಗೀಸರ್ ಅನ್ನು ದಿನವಿಡೀ ಆನ್ ಬಿಡಬೇಡಿ. ಟ್ಯಾಂಕ್ ತಣ್ಣಗಾದಾಗಲೆಲ್ಲ ಅದು ಯಾರೂ ಬಳಸದ ನೀರನ್ನು ಮತ್ತೆ ಕಾಯಿಸುತ್ತಿರುತ್ತದೆ.

ಹೇಳಿಕೆ 5: ಫ್ಯಾನ್ ನಿಧಾನ ಮಾಡಿದರೂ ಬಿಲ್ ಅಷ್ಟೇ

ಹಳೆಯ ದೊಡ್ಡ ಪೆಟ್ಟಿಗೆಯಂಥ ರೆಗ್ಯುಲೇಟರ್ ಕಾಲದ ಮಾತು ಇದು. ಅದು ಉಳಿದ ಕರೆಂಟ್‌ನಲ್ಲಿ ಹೆಚ್ಚಿನದನ್ನು ಶಾಖವಾಗಿ ಕಳೆಯುತ್ತಿತ್ತು. ಈಗಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್‌ನಲ್ಲಿ ವೇಗ ಕಡಿಮೆ ಮಾಡಿದರೆ ಬಳಕೆಯೂ ಕಡಿಮೆಯಾಗುತ್ತದೆ.

ಇನ್ನೂ ದೊಡ್ಡ ಉಳಿತಾಯ ಬೇಕೆಂದರೆ ಬಿಎಲ್‌ಡಿಸಿ ಫ್ಯಾನ್. ಸಾಮಾನ್ಯ ಫ್ಯಾನ್ ಸುಮಾರು 75 ವ್ಯಾಟ್ ಎಳೆದರೆ ಇದು 30ರ ಆಸುಪಾಸು. ದಿನಕ್ಕೆ 12 ಗಂಟೆ ಓಡಿಸಿದರೆ ತಿಂಗಳಿಗೆ 16 ಯೂನಿಟ್, ಸುಮಾರು 97 ರೂಪಾಯಿ ವ್ಯತ್ಯಾಸ. ಇದರ ಬೆಲೆ ಹೆಚ್ಚು. ಸಾಮಾನ್ಯ ಫ್ಯಾನ್‌ಗಿಂತ 1500 ರೂಪಾಯಿ ಹೆಚ್ಚು ಕೊಟ್ಟರೆ, 15–16 ತಿಂಗಳ ಬಳಕೆಯಲ್ಲಿ ಅದು ವಾಪಸ್. ಆದರೆ ವರ್ಷದಲ್ಲಿ ನಾಲ್ಕು ದಿನ ನೆಂಟರು ಬಂದಾಗ ಮಾತ್ರ ತಿರುಗುವ ಫ್ಯಾನ್ ಬದಲಿಸಿ ಪ್ರಯೋಜನವಿಲ್ಲ. ಹೆಚ್ಚು ಹೊತ್ತು ಓಡುವ ಫ್ಯಾನ್ ಮೊದಲು.

ಹೇಳಿಕೆ 6: ಎಸಿಯನ್ನು 18ಕ್ಕೆ ಇಟ್ಟರೆ ಬೇಗ ತಂಪಾಗಿ ಕರೆಂಟ್ ಉಳಿಯುತ್ತದೆ

ಉಲ್ಟಾ. 18ಕ್ಕೆ ಇಟ್ಟರೂ 24ಕ್ಕೆ ಇಟ್ಟರೂ ಕೋಣೆ ಶುರುವಿನಲ್ಲಿ ತಂಪಾಗುವ ವೇಗ ಹೆಚ್ಚುಕಡಿಮೆ ಒಂದೇ. 18ಕ್ಕೆ ಇಟ್ಟರೆ ಕಂಪ್ರೆಸರ್‌ಗೆ ವಿಶ್ರಾಂತಿ ಸಿಗುವುದಿಲ್ಲ, ಅಷ್ಟೇ. ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಪ್ರಕಾರ ಪ್ರತಿ 1 ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ. ಅದಕ್ಕಾಗಿಯೇ 2020ರ ಜನವರಿಯಿಂದ ನಕ್ಷತ್ರ ಗುರುತಿನ ಕೋಣೆ ಎಸಿಗಳು ಆರಂಭದಲ್ಲಿ 24 ಡಿಗ್ರಿಗೇ ನಿಗದಿಯಾಗಿ ಬರಬೇಕೆಂಬ ನಿಯಮ ಬಂತು. 25–26ಕ್ಕೆ ಇಟ್ಟು ಜೊತೆಗೆ ಫ್ಯಾನ್ ಹಾಕಿ, ಮೈಗೆ ಅಷ್ಟೇ ಹಿತ.

ಹೇಳಿಕೆ 7: ಗೃಹಜ್ಯೋತಿ ಇದೆ, 200 ದಾಟಿದರೆ ಮೇಲಿನ ಯೂನಿಟ್‌ಗೆ ಮಾತ್ರ ದುಡ್ಡು

ಕರ್ನಾಟಕದವರು ಇದನ್ನು ಎರಡು ಸಲ ಓದಿ. 2023ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತವಲ್ಲ. 2022–23ರ ನಿಮ್ಮ ಮನೆಯ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ನಿಮ್ಮ ಮಿತಿ ನಿಗದಿಯಾಗಿದೆ. ಆ ಮಿತಿ ದಾಟಿ 200ರೊಳಗೆ ಇದ್ದರೆ ಹೆಚ್ಚುವರಿ ಯೂನಿಟ್‌ಗೆ ಮಾತ್ರ ಹಣ. ಆದರೆ 200 ದಾಟಿದರೆ ಇಡೀ ಬಿಲ್ ಕಟ್ಟಬೇಕು.

ಉದಾಹರಣೆಗೆ, ನಿಮ್ಮ ಮಿತಿ 150 ಯೂನಿಟ್ ಎನ್ನಿ. 195 ಬಳಸಿದರೆ ಹೆಚ್ಚಿನ 45 ಯೂನಿಟ್‌ಗೆ ಸುಮಾರು 270 ರೂಪಾಯಿ. 205 ಬಳಸಿದರೆ 205ಕ್ಕೂ ಸೇರಿ 1230 ರೂಪಾಯಿ, ನಿಗದಿತ ಶುಲ್ಕ ಬೇರೆ. 10 ಯೂನಿಟ್ ವ್ಯತ್ಯಾಸಕ್ಕೆ ಸುಮಾರು 1000 ರೂಪಾಯಿ! ಮಾರ್ಚ್, ಏಪ್ರಿಲ್‌ನಲ್ಲಿ ಅನೇಕ ಮನೆಗಳು ಈ ಗೆರೆಯ ಹತ್ತಿರ ಬರುತ್ತವೆ. ಸೆಟ್ ಟಾಪ್ ಬಾಕ್ಸ್‌ನ 5 ಯೂನಿಟ್, ಒಂದು ಫ್ಯಾನ್‌ನ 16 ಯೂನಿಟ್, ಒಬ್ಬರ ಶವರ್‌ನ 25 ಯೂನಿಟ್ ಮುಖ್ಯವಾಗುವುದು ಇಲ್ಲೇ.

ಹೀಗೆ ಮಾಡಿ: ಬಿಲ್ ಬಂದ ದಿನ ಮೀಟರ್ ರೀಡಿಂಗ್‌ನ ಫೋಟೊ ತೆಗೆದಿಡಿ. 15 ದಿನ ಬಿಟ್ಟು ಮತ್ತೆ ನೋಡಿ. 100 ದಾಟಿದ್ದರೆ ಉಳಿದ ದಿನಗಳಲ್ಲಿ ಗೀಸರ್, ಎಸಿ ಮೇಲೆ ಕೈ ಬಿಗಿ ಮಾಡಿ.

ಒಟ್ಟಿನಲ್ಲಿ

ನೀರು ಕಾಯಿಸುವುದು, ತಂಪು ಮಾಡುವುದು, ದಿನವಿಡೀ ಓಡುವುದು – ಬಿಲ್‌ನ ದೊಡ್ಡ ಪಾಲು ಈ ಮೂರರದ್ದು. ಮೊದಲು ಅಲ್ಲಿ ಕೈ ಹಾಕಿ. ಹಳೆಯ 60 ವ್ಯಾಟ್ ಬಲ್ಬ್ ಇನ್ನೂ ಉಳಿದಿದ್ದರೆ 9 ವ್ಯಾಟ್‌ನ ಎಲ್‌ಇಡಿ ಹಾಕಿ. ದಿನಕ್ಕೆ 5 ಗಂಟೆ ಉರಿದರೂ ತಿಂಗಳಿಗೆ 46 ರೂಪಾಯಿ ಉಳಿಯುತ್ತದೆ, ಬಲ್ಬ್‌ನ ಬೆಲೆ ಎರಡು ಮೂರು ತಿಂಗಳಲ್ಲೇ ವಾಪಸ್.

ಇನ್ನು ಮುಂದೆ ಕರೆಂಟ್ ಉಳಿಸುವ ಫಾರ್ವರ್ಡ್ ಬಂದರೆ ಎರಡೇ ಪ್ರಶ್ನೆ ಕೇಳಿ: ಎಷ್ಟು ವ್ಯಾಟ್? ಎಷ್ಟು ಗಂಟೆ? ಉತ್ತರ ಇಲ್ಲದ ಸಲಹೆಯನ್ನು ನಿಮ್ಮಲ್ಲೇ ನಿಲ್ಲಿಸಿ. ಲೆಕ್ಕ ಸರಿ ಬಂದರೆ, ಆ ಲೆಕ್ಕದ ಸಮೇತ ಹಂಚಿಕೊಳ್ಳಿ.