ಹಳೆಯ ಜೀಪಿನ ಜಾತಕ

ನಮ್ಮ ಮನೆ ಡಾಮರು ರಸ್ತೆಯಿಂದ ಒಂದೂವರೆ ಕಿಲೋಮೀಟರ್ ಕೆಳಗಿದೆ. ಬದಿಯಡ್ಕ, ಮುಳ್ಳೇರಿಯ ಕಡೆಯ ಅಡಿಕೆ ತೋಟಗಳನ್ನು ಬಲ್ಲವರಿಗೆ ಈ ಇಳಿಜಾರಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬೇಸಗೆಯಲ್ಲಿ ಕೆಂಪು ಧೂಳು, ಆಟಿಯಲ್ಲಿ ಕೆಸರು, ನಡುವೆ ಒಂದು ತೋಡು. 2020ರ ಮಳೆಗಾಲದ ಒಂದು ರಾತ್ರಿ ಅಮ್ಮನಿಗೆ ಉಸಿರಾಟದ ತೊಂದರೆಯಾಯಿತು. ಆಟೋದವನು ಮೇಲಿನ ರಸ್ತೆಯಲ್ಲೇ ನಿಂತ. ನೆರೆಯ ನಾಲ್ಕು ಮಂದಿ ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಸುರಿಯುವ ಮಳೆಯಲ್ಲಿ ಹೊತ್ತು ಮೇಲಕ್ಕೆ ತಲುಪಿಸಿದರು. ಅಮ್ಮ ಹುಷಾರಾಗಿ ಮರಳಿದರು. ಮನೆಗೆ ಒಂದು ಜೀಪು ಬೇಕೆಂದು ನಾನು ಅಂದೇ ನಿಶ್ಚಯಿಸಿದೆ.

ನಾನೊಬ್ಬ ಬ್ಯಾಂಕ್ ಗುಮಾಸ್ತ. ಇಬ್ಬರು ಮಕ್ಕಳ ಓದು, ತೋಟದ ಖರ್ಚು ಕಳೆದು, ಭವಿಷ್ಯನಿಧಿಯಿಂದ ಎತ್ತಬಹುದಾದದ್ದು ಎರಡು ಲಕ್ಷ ರೂಪಾಯಿ. ಆ ಹಣಕ್ಕೆ ನಾಲ್ಕೂ ಚಕ್ರ ಎಳೆಯುವ ಹೊಸ ಗಾಡಿ ಕನಸಿನಲ್ಲೂ ಸಿಗದು, ಹಳೆಯದನ್ನೇ ಹುಡುಕಬೇಕು. ಈ ಮಾತು ಎತ್ತಿದಾಗ ಅಪ್ಪ, "ಮಗಾ, ಜೀಪಿನ ಸುದ್ದಿ ಈ ಮನೆಯಲ್ಲಿ ಬೇಡ" ಎಂದುಬಿಟ್ಟರು. ಅದಕ್ಕೆ ಅವರಲ್ಲಿ ಕಾರಣವಿತ್ತು. ಅದನ್ನು ಹೇಳುವ ಮೊದಲು ಜೀಪು ನಮ್ಮ ಗುಡ್ಡೆಗಳಿಗೆ ಬಂದ ದಾರಿಯನ್ನು ಸ್ವಲ್ಪ ನೋಡೋಣ. ಏಕೆಂದರೆ ಅಪ್ಪನಿಗೆ ಆದ ಅನುಭವಕ್ಕೂ 1948ರಲ್ಲಿ ಭಾರತ ಸರಕಾರಕ್ಕೆ ಆದ ಅನುಭವಕ್ಕೂ ಹೋಲಿಕೆಯಿದೆ. ಹಳೆಯ ಗಾಡಿಯ ವ್ಯವಹಾರದಲ್ಲಿ ನೋಡದೆ ಹಣ ಕೊಟ್ಟವನೂ ಓದದೆ ಸಹಿ ಹಾಕಿದವನೂ ಒಂದೇ ಕಡೆ ಹೋಗಿ ಬೀಳುತ್ತಾರೆ.

ಜೀಪು ಹುಟ್ಟಿದ್ದು ಯುದ್ಧಕ್ಕಾಗಿ. 1940ರಲ್ಲಿ ಅಮೆರಿಕದ ಸೈನ್ಯವು ಹಗುರವಾದ, ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ಸಣ್ಣ ಗಾಡಿ ಬೇಕೆಂದು ಕಂಪನಿಗಳನ್ನು ಕೇಳಿತು. ಮಾದರಿ ಗಾಡಿ ತಯಾರಿಸಲು ಕೊಟ್ಟ ಸಮಯ 49 ದಿನ. ಬ್ಯಾಂಟಮ್ ಎಂಬ ಚಿಕ್ಕ ಕಂಪನಿ ಮೊದಲ ಗಾಡಿ ಮಾಡಿ ತೋರಿಸಿತು. ಆದರೆ ದೊಡ್ಡ ಪ್ರಮಾಣದ ಕೆಲಸ ಸಿಕ್ಕಿದ್ದು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೆ. ಯುದ್ಧ ಮುಗಿಯುವ ಹೊತ್ತಿಗೆ ಇಬ್ಬರೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಮಾಡಿದ್ದರು. ಯುದ್ಧ ನಿಂತಾಗ ಅವುಗಳಲ್ಲಿ ಅನೇಕವು ಸೈನ್ಯಕ್ಕೆ ಬೇಡವಾದವು. ಹೀಗೆ ಜೀಪಿನ ಹಳೆಯ ಮಾಲಿನ ಪೇಟೆಯೂ ಜೀಪಿನಷ್ಟೇ ಹಳೆಯದು.

ನಮ್ಮ ದೇಶದಲ್ಲಿ 1945ರಲ್ಲಿ ಮಹೀಂದ್ರ ಸಹೋದರರು ಮತ್ತು ಮಲಿಕ್ ಗುಲಾಮ್ ಮುಹಮ್ಮದ್ ಸೇರಿ 'ಮಹೀಂದ್ರ ಆಂಡ್ ಮೊಹಮ್ಮದ್' ಎಂಬ ಕಂಪನಿ ಕಟ್ಟಿದರು. ದೇಶ ವಿಭಜನೆಯಾದಾಗ ಗುಲಾಮ್ ಮುಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು, ಮುಂದೆ ಗವರ್ನರ್ ಜನರಲ್ ಕೂಡ ಆದರು. 1948ರಲ್ಲಿ ಕಂಪನಿಯ ಹೆಸರು 'ಮಹೀಂದ್ರ ಆಂಡ್ ಮಹೀಂದ್ರ' ಆಯಿತು. ಹೊರಗಿನಿಂದ ಬಂದ ಬಿಡಿಭಾಗಗಳನ್ನು ಮುಂಬಯಿಯಲ್ಲಿ ಜೋಡಿಸಿ ವಿಲ್ಲಿಸ್ ಜೀಪು ಮಾಡುವುದರಿಂದ ಆರಂಭಿಸಿದ ಕಂಪನಿ, ಕ್ರಮೇಣ ಇಲ್ಲಿಯೇ ಪೂರ್ತಿ ತಯಾರಿಸತೊಡಗಿತು. ಗಡಿಗೆರೆ ಎಳೆದಾಗ ಮನೆಗಳಷ್ಟೇ ಅಲ್ಲ, ಕಂಪನಿಯ ಹೆಸರುಗಳೂ ಒಡೆಯುತ್ತವೆ ಎಂಬುದು ಗಡಿನಾಡಿನ ನಮಗೆ ಬೇಗ ಅರ್ಥವಾಗುವ ಮಾತು.

ಇನ್ನು 1948ರ ಪ್ರಕರಣ. ಕಾಶ್ಮೀರದ ಯುದ್ಧಕ್ಕೆ ಜೀಪುಗಳು ತುರ್ತಾಗಿ ಬೇಕಾಗಿದ್ದವು. ಸರಕಾರದ ಕೈಯಲ್ಲಿ ಹಣ ಕಡಿಮೆ. ಆಗ ಲಂಡನ್ನಿನಲ್ಲಿ ನಮ್ಮ ಹೈಕಮಿಷನರ್ ಆಗಿದ್ದವರು ವಿ.ಕೆ. ಕೃಷ್ಣ ಮೆನನ್. ಅವರು ದುರಸ್ತಿ ಮಾಡಿದ ಹಳೆಯ ಜೀಪುಗಳನ್ನು ಒದಗಿಸಲು ಒಂದು ವಿದೇಶಿ ಕಂಪನಿಯೊಡನೆ ಸುಮಾರು 80 ಲಕ್ಷ ರೂಪಾಯಿಯ ಒಪ್ಪಂದ ಮಾಡಿಕೊಂಡರು. ದೊಡ್ಡ ಮೊತ್ತ ಮುಂಗಡವಾಗಿ ಹೋಯಿತು. ಕೊನೆಗೆ ಮದ್ರಾಸಿನಲ್ಲಿ ಇಳಿದದ್ದು 155 ಜೀಪುಗಳು, ಅವೂ ಉಪಯೋಗಕ್ಕೆ ಬಾರದ ಸ್ಥಿತಿಯಲ್ಲಿ. ಪಾರ್ಲಿಮೆಂಟಿನಲ್ಲಿ ಗದ್ದಲವಾಯಿತು. 1955ರಲ್ಲಿ ಗೃಹಮಂತ್ರಿ ಗೋವಿಂದ ವಲ್ಲಭ ಪಂತರು ಪ್ರಕರಣ ಮುಗಿಯಿತೆಂದು ಹೇಳಿದರು. 1956ರ ಫೆಬ್ರವರಿಯಲ್ಲಿ ಮೆನನ್ ಕೇಂದ್ರ ಮಂತ್ರಿಯಾದರು. ಅವರು ಸ್ವಂತಕ್ಕೆ ಹಣ ಮಾಡಿಕೊಂಡರೆಂದು ಯಾವ ನ್ಯಾಯಾಲಯವೂ ಹೇಳಿಲ್ಲ. ರಾಜಕೀಯವನ್ನು ಬದಿಗಿಟ್ಟು ನೋಡಿದರೆ ನನಗೆ ಅಲ್ಲಿ ಕಾಣುವುದು ನಮ್ಮಂಥವರ ಕಷ್ಟವೇ: ಅಗತ್ಯ ದೊಡ್ಡದು, ಹಣ ಚಿಕ್ಕದು, ಗಾಡಿ ಕಣ್ಣೆದುರು ಇಲ್ಲ.

ಅದೇ 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು. ಕಣ್ಣೂರು ನಮ್ಮ ಜಿಲ್ಲಾಕೇಂದ್ರವಾಯಿತು; ಗಾಡಿಗಳಿಗೆ ಕೆ.ಎಲ್.ಸಿ. ಎಂಬ ಅಕ್ಷರ ಬಂತು. 1984ರ ಮೇ 24ರಂದು ಕಾಸರಗೋಡು ಜಿಲ್ಲೆಯಾಯಿತು. ಈಗಿನ ಕೆ.ಎಲ್. 14 ಅದರ ನಂತರದ್ದು. ನಾನು ಚಿಕ್ಕವನಿದ್ದಾಗ ಪೂರ್ವದ ಗುಡ್ಡೆಗಳಲ್ಲಿ ಬಸ್ಸು ನಿಂತಲ್ಲಿಂದ ಮುಂದಿನ ಪ್ರಯಾಣ ಜೀಪಿನಲ್ಲೇ. ಹತ್ತು ಮಂದಿ ಒಳಗೆ, ನಾಲ್ಕು ಮಂದಿ ಹಿಂದೆ ನೇತಾಡಿಕೊಂಡು, ಮೇಲೆ ಗೊಬ್ಬರದ ಚೀಲ. ಒಳಗೆ ಕನ್ನಡ, ತುಳು, ಮಲಯಾಳ, ಮರಾಠಿ ಎಲ್ಲವೂ ಕೇಳುತ್ತಿತ್ತು. ಚಿಲ್ಲರೆಗಾಗಿ ಜಗಳವಾಗುತ್ತಿತ್ತೇ ಹೊರತು ಭಾಷೆಗಾಗಿ ಆದದ್ದನ್ನು ನಾನು ನೋಡಿಲ್ಲ.

ಅಪ್ಪ 1986ರಲ್ಲಿ ಒಂದು ಹಳೆಯ ಪೆಟ್ರೋಲ್ ಜೀಪು ಕೊಂಡಿದ್ದರು. ಪೆಟ್ರೋಲಿನ ಖರ್ಚು ತಡೆಯಲಾರದೆ 1998ರಲ್ಲಿ ಅದನ್ನು ಮಾರಿದರು. ಕೊಂಡವರು ಪರಿಚಯದವರೇ. ಮಲಯಾಳದಲ್ಲಿ ಬರೆದ ಒಂದು ಮಾರಾಟ ಚೀಟಿಗೆ ಅಪ್ಪ ಸಹಿ ಹಾಕಿದರು. ನಮ್ಮ ತಲೆಮಾರಿನ ಹಿಂದಿನ ಅನೇಕರಂತೆ ಅವರಿಗೆ ಮಲಯಾಳ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಹೆಸರು ಬದಲಾವಣೆಯನ್ನು ಕೊಂಡವರೇ ಮಾಡಿಸುತ್ತಾರೆಂದು ಬಾಯಿಮಾತಾಗಿತ್ತು. ಚೀಟಿಯಲ್ಲಿ ಆ ಹೊಣೆ ಮಾರಿದವರದ್ದೆಂದು ಬರೆದಿತ್ತು. ಯಾರೂ ಮಾಡಿಸಲಿಲ್ಲ. 2001ರಲ್ಲಿ ಆ ಜೀಪು ಒಬ್ಬರಿಗೆ ಢಿಕ್ಕಿ ಹೊಡೆಯಿತು. ವಿಮೆ ಇರಲಿಲ್ಲ. ಅಪಘಾತ ಪರಿಹಾರದ ನೋಟೀಸು ಪುಸ್ತಕದಲ್ಲಿ ಹೆಸರಿದ್ದ ಅಪ್ಪನಿಗೆ ಬಂತು. ಮೂರು ವರ್ಷ ಮಾರಿದ ಅಡಿಕೆಯ ಹಣ ಅದಕ್ಕೇ ಹೋಯಿತು; ನನ್ನ ಕಾಲೇಜು ಓದು ಬಿ.ಎ.ಗೆ ನಿಂತದ್ದಕ್ಕೂ ಅದೊಂದು ಕಾರಣ. ಇಂಥ ಪ್ರಕರಣಗಳಲ್ಲಿ ನೋಂದಣಿಯಲ್ಲಿ ಹೆಸರಿರುವವನೇ ಮಾಲೀಕ, ಹೊಣೆಯೂ ಅವನದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಅಪ್ಪ ಅದನ್ನು ಬಹಳ ಮೊದಲೇ ಹಣ ಕೊಟ್ಟು ಕಲಿತಿದ್ದರು.

ಹೀಗಾಗಿ 2021ರಲ್ಲಿ ನಾನು ಗಾಡಿ ಹುಡುಕಲು ಹೊರಟಾಗ ಇಬ್ಬರನ್ನು ಜತೆಗೆ ಕರೆದುಕೊಂಡೆ. ಒಬ್ಬರು ನಮ್ಮ ಪೇಟೆಯ ಹಳೆಯ ಮೆಕ್ಯಾನಿಕ್. ಎಲ್ಲರೂ ಅವರನ್ನು 'ಇಚ್ಚ' ಎಂದೇ ಕರೆಯುವುದು. ಇನ್ನೊಬ್ಬರು ಮನಸ್ಸಿಲ್ಲದ ಮನಸ್ಸಿನಿಂದ ಬಂದ ಅಪ್ಪ.

ಮೊದಲು ನೋಡಿದ್ದು ಸೈನ್ಯದ ಹರಾಜಿನಿಂದ ಬಂದ ಒಂದು ಜೊಂಗಾ. ಜಬಲ್‌ಪುರದ ಕಾರ್ಖಾನೆಯಲ್ಲಿ ನಿಸ್ಸಾನ್ ಮಾದರಿಯಲ್ಲಿ ತಯಾರಾಗುತ್ತಿದ್ದ ಈ ಗಾಡಿಗೆ ಸುಮಾರು ನಾಲ್ಕು ಲೀಟರಿನ ಪೆಟ್ರೋಲ್ ಇಂಜಿನ್. ಬಲ ಆನೆಯದು, ಹೊಟ್ಟೆಯೂ ಆನೆಯದು. ಗುಮಾಸ್ತನ ಸಂಬಳಕ್ಕೆ ಕೈಮುಗಿದು ಬಂದೆವು.

ಎರಡನೆಯದು ಹೊಳೆಯುವ ಬಣ್ಣದ ಜೀಪು. ಮಾರುವವರು 'ಫೋರ್ ವೀಲ್' ಎಂದು ಒತ್ತಿ ಹೇಳಿದರು. ಇಚ್ಚ, "ಸಾರ್, ಪೈಂಟ್ ನೋಡ್ಬೇಡಿ, ಅಡಿಗೆ ಬಗ್ಗಿ ನೋಡಿ" ಎಂದರು. ಬಗ್ಗಿದರೆ ಮುಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಉದ್ದದ ಶಾಫ್ಟೇ ಇಲ್ಲ. ಯಾವಾಗಲೋ ಬಿಚ್ಚಿ ಮಾರಿದ್ದರು. ಲಿವರ್ ಮಾತ್ರ ಶೋಭೆಗೆ ಉಳಿದಿತ್ತು. ಜೀಪೆಂದು ಕರೆಯುವ ಗಾಡಿಗಳಲ್ಲಿ ಹಿಂದಿನ ಎರಡು ಚಕ್ರ ಮಾತ್ರ ಎಳೆಯುವವು ಬೇಕಾದಷ್ಟಿವೆ. ಹಳೆಯ ಪೆಟ್ರೋಲ್ ಜೀಪಿಗೆ ಡೀಸೆಲ್ ಇಂಜಿನ್ ಕೂರಿಸಿ ಪುಸ್ತಕದಲ್ಲಿ ಬದಲಿಸದೆ ಬಿಟ್ಟವೂ ಇವೆ. ಅದಕ್ಕಾಗಿ ಇಚ್ಚ ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆಯುತ್ತಾರೆ, ಇಂಜಿನ್ ನಂಬರನ್ನು ಬ್ಯಾಟರಿ ಬೆಳಕಿನಲ್ಲಿ ಓದುತ್ತಾರೆ. ಎರಡೂ ಪುಸ್ತಕಕ್ಕೆ ತಾಳೆಯಾಗದಿದ್ದರೆ ಮುಂದಿನ ಮಾತೇ ಇಲ್ಲ.

ಮೂರನೆಯದು 1992ರ ಎಂ.ಎಂ. 540. ಪ್ಯೂಜೋ ಡೀಸೆಲ್ ಇಂಜಿನ್, ತೋಟದ ಹಿರಿಯರೊಬ್ಬರು ಇಟ್ಟುಕೊಂಡದ್ದು. ಬಾಡಿಯ ತಗಡು ಅಲ್ಲಲ್ಲಿ ತೂತಾಗಿತ್ತು. ಕರಾವಳಿಯ ಗಾಳಿಗೆ ಅದು ಸಹಜ. ತಗಡನ್ನು ಹೊಸದಾಗಿ ಹೊಡೆಸಬಹುದು. ಚಾಸಿ ತುಕ್ಕು ಹಿಡಿದಿದ್ದರೆ ಮಾತ್ರ ಉಪಾಯವಿಲ್ಲ. ಇಚ್ಚ ಸುತ್ತಿಗೆಯಿಂದ ಚಾಸಿಯನ್ನು ಉದ್ದಕ್ಕೂ ತಟ್ಟಿ, ಪ್ಲೇಟುಗಳು ಕೂರುವ ಜಾಗವನ್ನೂ ಹಿಂದಿನ ಅಡ್ಡಪಟ್ಟಿಯನ್ನೂ ಕುಕ್ಕಿ ನೋಡಿದರು, ಗಟ್ಟಿಯಿತ್ತು. ಆಮೇಲೆ ಗಾಡಿಯನ್ನು ಡಾಮರಿನಿಂದ ಇಳಿಸಿ ಕೆಸರಿಗೆ ಹಾಕಿ ನಾಲ್ಕು ಚಕ್ರದ ಲಿವರ್ ಎಳೆದರು. ಒಣ ಡಾಮರಿನ ಮೇಲೆ ಇದನ್ನು ಪರೀಕ್ಷಿಸಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡಬೇಕು. ಈ ಗಾಡಿಗಳಲ್ಲಿ ಎರಡನ್ನೂ ಬಿಗಿಯಾಗಿ ಜೋಡಿಸಿರುವುದರಿಂದ ಜಾರಲು ಮಣ್ಣಿಲ್ಲದಿದ್ದರೆ ಗೇರುಗಳಿಗೆ ಪೆಟ್ಟು. ಕೆಸರಿನಲ್ಲಿ ನಾಲ್ಕೂ ಚಕ್ರ ಮಣ್ಣು ಕಚ್ಚಿ ಗಾಡಿ ಮೇಲೆ ಬಂದಾಗ ಅಪ್ಪನ ಮುಖ ಸ್ವಲ್ಪ ಸಡಿಲವಾಯಿತು.

ಅನಂತರ ನನ್ನ ಕೆಲಸ. ಪುಸ್ತಕದಲ್ಲಿ ಒಂದು ಬ್ಯಾಂಕಿನ ಸಾಲದ ನಮೂದು ಹಾಗೆಯೇ ಇತ್ತು. ಸಾಲ 1996ರಲ್ಲೇ ತೀರಿತ್ತು, ನಮೂದು ತೆಗೆಸಿರಲಿಲ್ಲ. ಈಗ ಇದು ನಮ್ಮಲ್ಲಿ ಅನೇಕರ ಸಮಸ್ಯೆ. ಕರಾವಳಿಯಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಶನ್ ಬ್ಯಾಂಕುಗಳು 2020ರ ಏಪ್ರಿಲ್ 1ರಂದು ಕ್ರಮವಾಗಿ ಕೆನರಾ ಮತ್ತು ಯೂನಿಯನ್ ಬ್ಯಾಂಕುಗಳಲ್ಲಿ ವಿಲೀನವಾದವು. ಪುಸ್ತಕದಲ್ಲಿರುವ ಹೆಸರಿನ ಬ್ಯಾಂಕು ಇಂದು ಇಲ್ಲದಿದ್ದರೂ ಅದನ್ನು ಸೇರಿಸಿಕೊಂಡ ಬ್ಯಾಂಕಿನಿಂದ ಸಾಲವಿಲ್ಲವೆಂಬ ಪತ್ರ ಮತ್ತು 35ನೇ ನಮೂನೆ ಪಡೆಯಬಹುದು. ನಮಗೆ ಏಳು ವಾರ ಹಿಡಿಯಿತು. ಅಷ್ಟರವರೆಗೆ ಐದು ಸಾವಿರ ಮುಂಗಡದ ಹೊರತು ಒಂದು ಪೈಸೆ ಕೊಡಲಿಲ್ಲ. ಕರ್ನಾಟಕದ ಗಾಡಿಯಾಗಿದ್ದರೆ ಇದರ ಮೇಲೆ ಅಲ್ಲಿನ ಕಚೇರಿಯ ನಿರಾಕ್ಷೇಪಣಾ ಪತ್ರ, ಇಲ್ಲಿನ ತೆರಿಗೆ, ಹೊಸ ನಂಬರು. ಪುತ್ತೂರಿನ ಗಾಡಿ ಅಗ್ಗವೆಂದು ಓಡುವವರು ಈ ಖರ್ಚನ್ನೂ ಕೂಡಿಸಿ ನೋಡಬೇಕು.

ಹಿರಿಯರು 2,10,000 ಕೇಳಿದ್ದರು, 1,75,000ಕ್ಕೆ ಒಪ್ಪಿದರು. ಟಯರು, ಬ್ರೇಕು, ಕ್ಲಚ್ಚಿಗೆ 38,000 ಆಯಿತು. ಹೆಚ್ಚಾದ 13,000ವನ್ನು ಅಡಿಕೆ ಮಾರಿ ಹೊಂದಿಸಿದೆವು. 2022ರ ಜೂನ್‌ನಲ್ಲಿ ನೋಂದಣಿ ನವೀಕರಿಸುವಾಗ ಇನ್ನೊಂದು ಪೆಟ್ಟು: ಹದಿನೈದು ವರ್ಷ ದಾಟಿದ ಇಂಥ ಗಾಡಿಗಳ ಶುಲ್ಕ ಆ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿತ್ತು. ಇಪ್ಪತ್ತು ವರ್ಷ ದಾಟಿದವಕ್ಕೆ 2025ರಲ್ಲಿ ಅದು 10,000 ಆಗಿದೆ. ಹಳೆಯ ಗಾಡಿಗೆ ಕೊಟ್ಟ ಬೆಲೆ ಕೊನೆಯ ಬೆಲೆಯಲ್ಲ.

ಕರಾರುಪತ್ರವನ್ನು ಎರಡು ಸಾಲುಗಳಲ್ಲಿ ಬರೆಸಿದೆವು: ಎಡಕ್ಕೆ ಕನ್ನಡ, ಬಲಕ್ಕೆ ಮಲಯಾಳ. ಮಾರುವ ಹಿರಿಯರ ಮನೆಮಾತು ಮಲಯಾಳ, ಅವರಿಗೆ ಕನ್ನಡ ಓದಲು ಬಾರದು. ಇಬ್ಬರು ಮುದುಕರೂ ಕನ್ನಡಕ ಹಾಕಿಕೊಂಡು ತಮ್ಮ ತಮ್ಮ ಬದಿಯನ್ನು ನಿಧಾನವಾಗಿ ಓದಿದರು. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಹೆಸರು ಯಾರು ಬದಲಾಯಿಸುವುದು?" ಮಾರಿದವರು ಹದಿನಾಲ್ಕು ದಿನದೊಳಗೆ 29ನೇ ನಮೂನೆಯಲ್ಲಿ ತಿಳಿಸಬೇಕು, ಕೊಂಡವನು ಮೂವತ್ತು ದಿನದೊಳಗೆ 30ನೇ ನಮೂನೆ ಕೊಡಬೇಕು, ವಿಮೆಯನ್ನೂ ಬದಲಿಸಬೇಕು ಎಂದು ನಾನು ಎರಡೂ ಭಾಷೆಯಲ್ಲಿ ಹೇಳಿದೆ. ಇಬ್ಬರ ಸಹಿಯನ್ನೂ ಅಲ್ಲಿಯೇ ಪಡೆದು ಮರುದಿನವೇ ಅರ್ಜಿ ಹಾಕಿದೆ. ಆ ಹಿರಿಯರು, "ಇನ್ನು ನನಗೂ ನಿದ್ದೆ ಬರುತ್ತದೆ" ಎಂದರು. ಹೆಸರಿನ ಭಯ ಅವರಿಗೂ ಇತ್ತು.

ಕೇರಳದ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲೇ ಪತ್ರ ವ್ಯವಹರಿಸಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದು 1969ರ ರಾಜ್ಯ ಭಾಷಾ ಕಾನೂನಿನಲ್ಲಿದೆ. ಆದರೆ ಇಬ್ಬರು ನೆರೆಯವರ ನಡುವಿನ ಚೀಟಿಗೆ ಯಾವ ಕಾನೂನೂ ಬೇಕಾಗಿಲ್ಲ. ನನಗೆ ಓದಲು ಬರುವ ಅಕ್ಷರದಲ್ಲೂ ಬರೆಯಿರಿ ಎಂದು ಸಂಕೋಚವಿಲ್ಲದೆ ಕೇಳಿದರೆ ಸಾಕು. ಈ ಸಂಚಿಕೆಯ ಮಲಯಾಳ ಪುಟಗಳನ್ನು ಓದುವ ಗೆಳೆಯರೂ ಇದನ್ನು ಒಪ್ಪುತ್ತಾರೆಂದು ನಂಬಿದ್ದೇನೆ.

ಜೀಪು ಈಗ ಅಂಗಳದಲ್ಲಿದೆ. ಈ ನಾಲ್ಕು ವರ್ಷಗಳಲ್ಲಿ ಅಮ್ಮನನ್ನು ಎರಡು ಸಲ, ಅಂದು ಕುರ್ಚಿ ಹೊತ್ತವರಲ್ಲಿ ಒಬ್ಬರನ್ನು ಒಂದು ಸಲ ರಾತ್ರಿ ಹೊತ್ತಿನಲ್ಲಿ ಆಸ್ಪತ್ರೆಗೆ ತಲುಪಿಸಿದೆ. ಹೊಸ ಪುಸ್ತಕದ ಪ್ರತಿಯನ್ನು ಅಪ್ಪ 2001ರ ಆ ನೋಟೀಸಿನ ಜತೆಗೇ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ.