ಪೆಟ್ಟಿಗೆಯಲ್ಲಿದ್ದ ಉಯಿಲು



ಮೂರು ದಶಕಗಳಿಗೂ ಮಿಕ್ಕಿ ಇತಿಹಾಸವನ್ನು ಬೋಧಿಸಿದ ನಾನು, ಅದು ನನ್ನ ಮನೆಯ ಪೆಟ್ಟಿಗೆಯನ್ನೂ ಹೊಕ್ಕೀತೆಂದು ಎಣಿಸಿರಲಿಲ್ಲ. 1998ರಲ್ಲಿ ಶಸ್ತ್ರಚಿಕಿತ್ಸೆಗೆ ಹೋಗುವ ಮುನ್ನ ಅವಸರದಲ್ಲಿ ಒಂದು ಉಯಿಲು ಬರೆದಿದ್ದೆ. ಪಿತ್ರಾರ್ಜಿತ ಜಮೀನೆಲ್ಲ ಮಗನಿಗೆ; ಮಗಳಿಗೆ ಮದುವೆಯ ಖರ್ಚು, ಒಡವೆ. ಗುಣಮುಖನಾದ ಮೇಲೆ ಅದನ್ನು ಮರೆತೇಬಿಟ್ಟೆ. 2020ರ ಆಗಸ್ಟ್ 11ರ ಸುಪ್ರೀಂ ಕೋರ್ಟ್ ತೀರ್ಪಿನ ಸುದ್ದಿಯನ್ನೋದಿದ ಬಳಿಕ ಅದನ್ನು ಹೊರತೆಗೆದೆ.

ಈ ವಿಷಯದಲ್ಲಿ ನಮ್ಮ ನಾಡು ಹಿಂದುಳಿದಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1933ರಲ್ಲಿಯೇ, ಮೈಸೂರು ಸಂಸ್ಥಾನವು ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ತಂದು, ಕುಟುಂಬದ ಆಸ್ತಿ ವಿಭಾಗವಾಗುವಾಗ ತಾಯಿ, ವಿಧವೆ ಹಾಗೂ ಅವಿವಾಹಿತ ಪುತ್ರಿಯರಿಗೆ ಪಾಲು ಕಲ್ಪಿಸಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು, ಅವಿಭಕ್ತ ಆಸ್ತಿಯಲ್ಲಿ ತನ್ನ ಪಾಲನ್ನು ಉಯಿಲಿನ ಮೂಲಕ ಕೊಡುವ ಅಧಿಕಾರವನ್ನು ಹಿಂದೂ ಪುರುಷನಿಗೆ ನೀಡಿತು. ಗಮನಿಸಿ, ತನ್ನ ಪಾಲನ್ನು ಮಾತ್ರ. 1994ರಲ್ಲಿ ಕರ್ನಾಟಕವು ತಿದ್ದುಪಡಿ ತಂದು, ಅದಕ್ಕೆ ಮೊದಲು ವಿವಾಹವಾಗದಿದ್ದ ಪುತ್ರಿಯರಿಗೆ ಪುತ್ರರಂತೆಯೇ ಹುಟ್ಟಿನಿಂದ ಹಕ್ಕು ಕೊಟ್ಟಿತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯಲ್ಲಿ ವಿವಾಹದ ಅಡ್ಡಿಯೂ ಇಲ್ಲವಾಯಿತು. ಆ ದಿನ ತಂದೆ ಜೀವಂತವಾಗಿರಬೇಕೆಂಬ ನಿಯಮವಿಲ್ಲವೆಂದು 2020ರ ತೀರ್ಪು ಸ್ಪಷ್ಟಪಡಿಸಿತು.

ಅಂದರೆ, ನಾನು ಬರೆದ ದಿನವೇ ಆ ಉಯಿಲು ತಪ್ಪಾಗಿತ್ತು! ಮಗಳ ಪಾಲು ನಾನು ಮಗನಿಗೆ ಕೊಡಬಹುದಾದ ವಸ್ತುವೇ ಆಗಿರಲಿಲ್ಲ. ಸಾಕ್ಷಿ ಹಾಕಿದ್ದ ಇಬ್ಬರು ಮಿತ್ರರೂ ಆ ವೇಳೆಗೆ ಗತಿಸಿದ್ದರು. ನಿವೃತ್ತಿಯ ಹಣದಲ್ಲಿ ಕಟ್ಟಿಸಿದ ಮನೆಯ ಪ್ರಸ್ತಾಪ ಅದರಲ್ಲಿರಲಿಲ್ಲ; ನನ್ನ ಪತ್ನಿಯ ಹೆಸರಂತೂ ಎಲ್ಲಿಯೂ ಇರಲಿಲ್ಲ.

ನನ್ನ ತರಗತಿಯಲ್ಲೇ ಕುಳಿತು ಓದಿದ ಮಗಳಿಗೆ ಅದನ್ನು ತೋರಿಸಿದೆ. "1933ರ ಕಾಯಿದೆಯನ್ನು ನಮಗೆ ಪಾಠ ಮಾಡಿದವರು ನೀವೇ ಅಲ್ಲವೇ ಅಪ್ಪಾ?" ಎಂದಷ್ಟೇ ಕೇಳಿದಳು. ನಾನು ತಲೆ ತಗ್ಗಿಸಿದೆ.

ವಕೀಲರೊಬ್ಬರ ಸಲಹೆ ಪಡೆದು, ಹಿಂದಿನದನ್ನು ರದ್ದುಪಡಿಸಿರುವೆನೆಂದು ಸ್ಪಷ್ಟವಾಗಿ ನಮೂದಿಸಿ, ನನಗಿಂತ ಕಿರಿಯರಾದ ಇಬ್ಬರ ಸಾಕ್ಷಿಯೊಡನೆ ಹೊಸ ಉಯಿಲು ಬರೆದು ನೋಂದಾಯಿಸಿದೆ. ನೋಂದಣಿ ಕಡ್ಡಾಯವಲ್ಲ, ಆದರೂ ಮುಂದಿನ ತಕರಾರು ಕಡಿಮೆಯಾದೀತೆಂಬ ಆಸೆ.

ಉಯಿಲು ಶಿಲಾಶಾಸನವಲ್ಲ. ಬರೆದವನ ಬುದ್ಧಿ ಸ್ವಸ್ಥವಾಗಿರುವವರೆಗೆ ಎಷ್ಟು ಸಲವಾದರೂ ಬದಲಿಸಬಹುದು. ಮನೆಯಲ್ಲಿ ಜನನ, ಮರಣ, ವಿವಾಹಗಳಾದಾಗ, ಆಸ್ತಿಯ ಕ್ರಯವಿಕ್ರಯವಾದಾಗ, ಕಾನೂನು ಬದಲಾದಾಗ ಅದನ್ನೊಮ್ಮೆ ತೆರೆದು ಓದಿರಿ. ನಿಮ್ಮ ಮೇಷ್ಟ್ರು ತಡವಾಗಿ ಕಲಿತ ಪಾಠವಿದು.