ತಪ್ಪು–ಒಪ್ಪು ಪಟ್ಟಿಯ ಹೊಸ ಅವತಾರ

ಹಳೆಯ ಕನ್ನಡ ಪುಸ್ತಕಗಳನ್ನು ಓದಿದವರಿಗೆ ‘ತಪ್ಪು–ಒಪ್ಪು’ ಪಟ್ಟಿ ಹೊಸದಲ್ಲ. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ, ಅಚ್ಚಾದ ಮೇಲೆ ಕಣ್ಣಿಗೆ ಬಿದ್ದ ನಾಲ್ಕು ತಪ್ಪುಗಳಿಗಾಗಿ ಇಡೀ ಪುಸ್ತಕವನ್ನು ಮತ್ತೆ ಮುದ್ರಿಸುವುದು ಯಾವ ಪ್ರಕಾಶಕನಿಗೂ ಸಾಧ್ಯವಿರಲಿಲ್ಲ. ಆದ್ದರಿಂದ ಕೊನೆಯಲ್ಲಿ ಒಂದು ಹಾಳೆ ಅಂಟಿಸುತ್ತಿದ್ದರು: ಇಂಥ ಪುಟ, ಇಂಥ ಸಾಲು, ತಪ್ಪು ಇದು, ಒಪ್ಪು ಇದು. ಓದುಗ ಪೆನ್ನು ಹಿಡಿದು ತನ್ನ ಪ್ರತಿಯನ್ನು ತಾನೇ ತಿದ್ದಿಕೊಳ್ಳಬೇಕು. ಪುತ್ತೂರಿನಲ್ಲಿ ನಾಲ್ಕು ದಶಕಗಳಷ್ಟು ಕಾಲ ನೆಲೆಸಿ, ‘ಹರ್ಷ’ ಹೆಸರಿನ ಮುದ್ರಣಾಲಯ ಇಟ್ಟುಕೊಂಡು ತಮ್ಮ ಪುಸ್ತಕಗಳನ್ನು ತಾವೇ ಹೊರತಂದ ಶಿವರಾಮ ಕಾರಂತರ ಊರಿನ ಓದುಗರಿಗೆ ಅಚ್ಚಿನಮನೆಯ ಈ ಪದ್ಧತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಚ್ಚುಮೊಳೆಗಳು ಮೂಲೆ ಸೇರಿ ಬಹಳ ಕಾಲವಾಯಿತು. ಆದರೆ ಈ ಪಟ್ಟಿ ಮಾತ್ರ ಸತ್ತಿಲ್ಲ. ಜಗತ್ತಿನ ಬಹುಪಾಲು ಸರ್ವರ್‌ಗಳನ್ನೂ ಆಂಡ್ರಾಯ್ಡ್ ಫೋನುಗಳನ್ನೂ ನಡೆಸುವ ಲೈನಕ್ಸ್ ಎಂಬ ತಂತ್ರಾಂಶ ಇಂದಿಗೂ ಬೆಳೆಯುತ್ತಿರುವುದು ಇಂಥದೇ ತಪ್ಪು–ಒಪ್ಪು ಪಟ್ಟಿಗಳಿಂದ; ಅವು ಪ್ರಯಾಣ ಮಾಡುವುದು ಸಾಮಾನ್ಯ ಇ-ಮೇಲ್ ಮೂಲಕ. ಪುತ್ತೂರು, ಸುಳ್ಯ, ಕಡಬದಂಥ ಗುಡ್ಡಗಾಡಿನ ಊರುಗಳಿಗೆ ಈ ಸಂಗತಿ ಏಕೆ ಮುಖ್ಯ ಎಂಬುದನ್ನು ತಿಳಿಯಬೇಕಾದರೆ ಅದರ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ಅಕ್ಷರಶಃ ತೇಪೆ

ಇಂಥ ತಿದ್ದುಪಡಿಗೆ ಗಣಕಯಂತ್ರದವರು ಇಟ್ಟ ಹೆಸರು ‘ಪ್ಯಾಚ್’, ಅಂದರೆ ತೇಪೆ. ಮೊದಮೊದಲು ಇದು ಬರೀ ಅಲಂಕಾರದ ಮಾತಾಗಿರಲಿಲ್ಲ. ಕಾಗದದ ಪಟ್ಟಿಯಲ್ಲಿ ತೂತು ಕೊರೆದು ಕ್ರಮವಿಧಿಗಳನ್ನು ಯಂತ್ರಕ್ಕೆ ಉಣಿಸುತ್ತಿದ್ದ ದಿನಗಳಲ್ಲಿ ತಪ್ಪಾದ ತೂತಿನ ಮೇಲೆ ನಿಜವಾಗಿಯೇ ಕಾಗದದ ತೇಪೆ ಹಚ್ಚುತ್ತಿದ್ದರು. ಹರಿದ ಅಂಗಿಗೆ ಅಜ್ಜಿ ಹಾಕುವ ತೇಪೆಗೂ ಅದಕ್ಕೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ.

ಕಾಗದದ ಪಟ್ಟಿ ಹೋಗಿ ಪರದೆ ಬಂದ ಮೇಲೆ ತೇಪೆಯೂ ಅಕ್ಷರರೂಪ ತಾಳಿತು. 1974ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಡಗ್ಲಸ್ ಮ್ಯಾಕಿಲ್ರಾಯ್ ಅವರ ‘ಡಿಫ್’ ಎಂಬ ಕಿರು ತಂತ್ರಾಂಶ ಯೂನಿಕ್ಸ್ ವ್ಯವಸ್ಥೆಯನ್ನು ಸೇರಿತು. ಹಳೆಯ ಮತ್ತು ಹೊಸ ಎರಡು ಕಡತಗಳನ್ನು ಕೊಟ್ಟರೆ ಯಾವ ಸಾಲು ಬದಲಾಗಿದೆ ಎಂದು ಅದು ಪಟ್ಟಿ ಮಾಡಿಕೊಡುತ್ತದೆ. ಈಗ ರೂಢಿಯಲ್ಲಿರುವ ಪಟ್ಟಿಯಲ್ಲಿ ತೆಗೆದುಹಾಕಿದ ಸಾಲಿನ ಮುಂದೆ ಕಳೆಯುವ ಚಿಹ್ನೆ, ಸೇರಿಸಿದ ಸಾಲಿನ ಮುಂದೆ ಕೂಡುವ ಚಿಹ್ನೆ ಇರುತ್ತದೆ. ಕಳೆದದ್ದು ತಪ್ಪು, ಕೂಡಿದ್ದು ಒಪ್ಪು.

ಆದರೆ ಪಟ್ಟಿ ನೋಡಿ ಪ್ರತಿಯನ್ನು ತಿದ್ದುವ ಕೆಲಸ ಇನ್ನೂ ಮನುಷ್ಯನ ಪಾಲಿಗೇ ಉಳಿದಿತ್ತು. ಅದನ್ನು ಯಂತ್ರಕ್ಕೆ ವಹಿಸಿದವರು ಲ್ಯಾರಿ ವಾಲ್. 1985ರಲ್ಲಿ ಅವರು ಹೊರತಂದ ‘ಪ್ಯಾಚ್’ ಎಂಬ ತಂತ್ರಾಂಶ ಡಿಫ್ ಪಟ್ಟಿಯನ್ನು ಓದಿ ಕಡತವನ್ನು ತಾನೇ ತಿದ್ದುತ್ತಿತ್ತು. ಇಲ್ಲೊಂದು ಜಾಣ್ಮೆ ಇದೆ. ಪುಸ್ತಕದ ಎರಡನೆಯ ಮುದ್ರಣದಲ್ಲಿ ಪುಟಸಂಖ್ಯೆ ಬದಲಾದರೆ ಹಳೆಯ ತಪ್ಪು–ಒಪ್ಪು ಪಟ್ಟಿ ಕೆಲಸಕ್ಕೆ ಬಾರದು. ಗಣಕದ ತೇಪೆ ಹಾಗಲ್ಲ. ಬದಲಾಗಬೇಕಾದ ಸಾಲಿನ ಜತೆ ಅದರ ಹಿಂದಿನ ಮುಂದಿನ ಕೆಲವು ಸಾಲುಗಳನ್ನೂ ಅದು ಗುರುತಿಗಾಗಿ ಹೊತ್ತೊಯ್ಯುತ್ತದೆ. ಮೂಲ ಕಡತದಲ್ಲಿ ಸಾಲುಗಳು ಅಷ್ಟಿಷ್ಟು ಸರಿದಿದ್ದರೂ, ‘ಹುಣಿಸೆಮರದ ಪಕ್ಕದ ಮನೆ’ ಎಂದು ವಿಳಾಸ ಹಿಡಿದು ಹೋಗುವ ಅಂಚೆಯವನಂತೆ, ಸರಿಯಾದ ಜಾಗವನ್ನು ಹುಡುಕಿಕೊಳ್ಳುತ್ತದೆ.

ಲಿನಸ್‌ನ ಅಂಚೆಪೆಟ್ಟಿಗೆ

1991ರ ಆಗಸ್ಟ್‌ನಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತಾನೊಂದು ಕಾರ್ಯನಿರ್ವಹಣಾ ವ್ಯವಸ್ಥೆ ಬರೆಯುತ್ತಿರುವುದಾಗಿ ಪ್ರಕಟಿಸಿದಾಗ ಅದನ್ನು ‘ಹವ್ಯಾಸ’ ಎಂದೇ ಕರೆದಿದ್ದರು. ಆ ಹವ್ಯಾಸಕ್ಕೆ ಊರೂರಿನಿಂದ ತೇಪೆಗಳು ಇ-ಮೇಲ್ ಮೂಲಕ ಬರತೊಡಗಿದವು. ಹತ್ತು ವರ್ಷ ಕಾಲ ಲಿನಸ್ ಅವನ್ನು ಒಂದೊಂದಾಗಿ ಓದಿ, ಒಪ್ಪಿಗೆಯಾದರೆ ಸೇರಿಸುತ್ತಿದ್ದರು. ಟಪಾಲು ಹೆಚ್ಚಿದಂತೆ ಒಬ್ಬ ಮನುಷ್ಯನ ಕೈ ಸೋತಿತು. ಕಳಿಸಿದ ತೇಪೆಗಳು ಉತ್ತರವಿಲ್ಲದೆ ಕಳೆದುಹೋಗುತ್ತಿವೆ ಎಂಬ ದೂರು 1998ರಲ್ಲೇ ಎದ್ದಿತು.

2002ರಲ್ಲಿ ಲಿನಸ್ ‘ಬಿಟ್‌ಕೀಪರ್’ ಎಂಬ ಖಾಸಗಿ ತಂತ್ರಾಂಶದ ಮೊರೆಹೋದರು. 2005ರ ಏಪ್ರಿಲ್‌ನಲ್ಲಿ ಅದರ ಒಡೆಯರು ಉಚಿತ ಬಳಕೆಯ ಅನುಮತಿಯನ್ನು ಹಿಂತೆಗೆದುಕೊಂಡಾಗ, ಲಿನಸ್ ಕೆಲವೇ ದಿನಗಳಲ್ಲಿ ‘ಗಿಟ್’ ಎಂಬ ತಮ್ಮದೇ ಉಪಕರಣದ ಬುನಾದಿ ಹಾಕಿದರು. ಇಂದು ಜಗತ್ತಿನ ತಂತ್ರಾಂಶಗಳೆಲ್ಲ ಬಹುಮಟ್ಟಿಗೆ ಅದರಲ್ಲೇ ತಯಾರಾಗುತ್ತವೆ. ಅದೇ ವರ್ಷ ಗಿಟ್‌ಗೆ ಸೇರಿದ ಒಂದು ಆದೇಶವೇ ‘ಗಿಟ್ ಸೆಂಡ್-ಇಮೇಲ್’. ಲ್ಯಾರಿ ವಾಲ್ ಅವರು 1987ರಲ್ಲಿ ರೂಪಿಸಿದ ‘ಪರ್ಲ್’ ಭಾಷೆಯಲ್ಲಿಯೇ ಇದನ್ನು ಬರೆದಿದ್ದಾರೆ ಎಂಬುದು ಸ್ವಾರಸ್ಯದ ಸಂಗತಿ.

ಕಳಿಸುವ ಬಗೆ

ಇದರ ಕೆಲಸದ ಕ್ರಮ ಸರಳ. ತಪ್ಪು ಕಂಡವನು ತನ್ನ ಪ್ರತಿಯಲ್ಲಿ ಅದನ್ನು ತಿದ್ದಿ, ಏಕೆ ತಿದ್ದಿದೆ ಎಂದು ನಾಲ್ಕು ಸಾಲು ಬರೆದು ದಾಖಲಿಸುತ್ತಾನೆ. ‘ಗಿಟ್ ಫಾರ್ಮ್ಯಾಟ್-ಪ್ಯಾಚ್’ ಎಂಬ ಆದೇಶ ಆ ತಿದ್ದುಪಡಿಯನ್ನು ಒಂದು ಪತ್ರವಾಗಿ ರೂಪಿಸುತ್ತದೆ: ವಿಷಯ, ವಿವರಣೆ, ಕೆಳಗೆ ತಪ್ಪು–ಒಪ್ಪು ಪಟ್ಟಿ. ‘ಸೆಂಡ್-ಇಮೇಲ್’ ಅದನ್ನು ಆ ಭಾಗದ ಮೇಲ್ವಿಚಾರಕರಿಗೂ ಸಂಬಂಧಪಟ್ಟ ಇತರರಿಗೂ ರವಾನಿಸುತ್ತದೆ. ಅತ್ತ ಕಡೆಯವರು ಪತ್ರದ ಸಾಲುಗಳ ನಡುವೆಯೇ ತಮ್ಮ ಆಕ್ಷೇಪಗಳನ್ನು ಬರೆದು ಉತ್ತರಿಸುತ್ತಾರೆ. ತಿದ್ದಿ ಎರಡನೆಯ ಸಲ, ಮೂರನೆಯ ಸಲ ಕಳಿಸಬೇಕಾಗಬಹುದು. ಒಪ್ಪಿಗೆಯಾದರೆ ‘ಗಿಟ್ ಏಎಂ’ ಎಂಬ ಆದೇಶ ಆ ಪತ್ರವನ್ನು ಮೂಲಕ್ಕೆ ಸೇರಿಸುತ್ತದೆ.

ಮಡಿವಂತಿಕೆಯೂ ಇದೆ. ಪತ್ರ ಬರೀ ಅಕ್ಷರಗಳಲ್ಲಿರಬೇಕು. ಬಣ್ಣ, ಅಲಂಕಾರ, ಲಗತ್ತು ಸಲ್ಲದು. ಸಾಮಾನ್ಯ ಇ-ಮೇಲ್ ಪುಟದಲ್ಲಿ ಅಂಟಿಸಿ ಕಳಿಸಿದರೆ ಖಾಲಿ ಜಾಗಗಳು ಕದಡಿ, ಉದ್ದ ಸಾಲುಗಳು ಮುರಿದು, ತೇಪೆ ಅಂಟುವುದೇ ಇಲ್ಲ. ಅದಕ್ಕಾಗಿಯೇ ಆದೇಶದ ಸಾಲಿನಿಂದ ನೇರವಾಗಿ ಕಳಿಸುವ ಈ ಏರ್ಪಾಡು. 2004ರಿಂದ ಇನ್ನೊಂದು ನಿಯಮವೂ ಸೇರಿದೆ. ಪ್ರತಿ ತೇಪೆಯ ಕೆಳಗೆ, ಇದನ್ನು ಕೊಡುವ ಹಕ್ಕು ತನಗಿದೆ ಎಂದು ಕಳಿಸಿದವನು ತನ್ನ ಹೆಸರು ಹಾಕಿ ರುಜು ಮಾಡಬೇಕು. ಲೈನಕ್ಸ್‌ನ ಸ್ವಾಮ್ಯದ ಬಗ್ಗೆ 2003ರಲ್ಲಿ ಅಮೆರಿಕದ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡಲ್ಪಟ್ಟ ಮೇಲೆ ಬಂದ ಎಚ್ಚರಿಕೆ ಇದು.

ಬೆಂಗಳೂರಿನಿಂದ ಹೋದ ತೇಪೆಗಳು

ಈ ಟಪಾಲಿನಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ. 2000ದ ದಶಕದಲ್ಲಿ ಬೆಂಗಳೂರಿನಲ್ಲಿದ್ದ ಐಬಿಎಂನ ಲೈನಕ್ಸ್ ತಂತ್ರಜ್ಞಾನ ಕೇಂದ್ರದಿಂದ ಮಹತ್ವದ ಕೆಲಸಗಳು ಹೋದವು. ‘ಕೆಪ್ರೋಬ್ಸ್’ ಎಂಬುದು ಅವುಗಳಲ್ಲಿ ಒಂದು. ಓಡುತ್ತಿರುವ ಯಂತ್ರವನ್ನು ನಿಲ್ಲಿಸದೆ ಅದರ ಒಳಗೆ ಯಾವುದೇ ಜಾಗದಲ್ಲಿ ನಾಡಿ ಹಿಡಿದು ನೋಡುವ ಸೌಲಭ್ಯ ಅದು. 2004ರಲ್ಲಿ ಲೈನಕ್ಸ್‌ನ 2.6.9 ಆವೃತ್ತಿಯಲ್ಲಿ ಸೇರಿತು. ಆ ಕಡತದ ತಲೆಯಲ್ಲೇ ವಂಶಿಕೃಷ್ಣ, ಪ್ರಸನ್ನ ಪಂಚಮುಖಿ, ಸುಪರ್ಣಾ ಭಟ್ಟಾಚಾರ್ಯ ಎಂಬ ಹೆಸರುಗಳು ತಿಂಗಳು, ವರ್ಷ ಸಹಿತ ದಾಖಲಾಗಿವೆ. ಅದರ ಮೇಲ್ವಿಚಾರಕರ ಪಟ್ಟಿಯಲ್ಲಿ ಹಲವು ವರ್ಷ ಅನಂತ್ ಮಾವಿನಕಾಯನಹಳ್ಳಿ ಎಂಬ ಹೆಸರಿತ್ತು. ಜಗತ್ತಿನ ಯಂತ್ರಗಳ ಗರ್ಭದಲ್ಲಿ ಕನ್ನಡದ ಹಳ್ಳಿಯೊಂದರ ಹೆಸರು ಹೀಗೆ ನೆಲೆಯೂರಿತು.

ಕನ್ನಡ ಗಣಕದ ಚರಿತ್ರೆಗೆ ಪುತ್ತೂರು–ಸುಳ್ಯ ಸೀಮೆಯ ನಂಟು ಬೇರೆ ದಾರಿಯಿಂದ ಬಂದದ್ದು. ಮಂಗಳೂರು ಸಮೀಪದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ತಾವು ಉಚಿತವಾಗಿ ಹಂಚಿದ ಕನ್ನಡ ತಂತ್ರಾಂಶಕ್ಕೆ ‘ಸೇಡಿಯಾಪು’ ಎಂದು ಹೆಸರಿಟ್ಟರು. ಪುತ್ತೂರು ಸೀಮೆಯ ಛಂದೋವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರಿಗೆ (1902–1996) ಸಲ್ಲಿಸಿದ ಗೌರವ ಅದು. 1996ರಲ್ಲಿ ‘ವಿಶ್ವಕನ್ನಡ’ ಅಂತರಜಾಲ ಪತ್ರಿಕೆಯನ್ನು ಆರಂಭಿಸಿದ ಯು.ಬಿ. ಪವನಜ ಅವರ ಹೆಸರಿನ ಹಿಂದಿರುವ ಎರಡು ಅಕ್ಷರಗಳು ಉಬರಡ್ಕ ಮತ್ತು ಬೆಳ್ಳಿಪ್ಪಾಡಿ. ಮೊದಲನೆಯದು ಸುಳ್ಯದ ಗ್ರಾಮ, ಎರಡನೆಯದು ಪುತ್ತೂರಿನದು. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸವು ‘ಕಗಪ’ ಎಂಬ ಹೆಸರಿನಿಂದ ಇಂದು ಲೈನಕ್ಸ್ ಗಣಕಗಳ ಕೀಲಿಮಣೆ ಪಟ್ಟಿಯಲ್ಲಿಯೂ ಇದೆ.

ಕನ್ನಡ ಅಕ್ಷರಗಳಿರುವ ತೇಪೆಗೆ ಅದರದೇ ತೊಡಕುಗಳಿವೆ. ಯೂನಿಕೋಡ್‌ನ ರೂಢಿಯ ಬರವಣಿಗೆಯಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟ್ ಬೇಕು. ‘ಸ್ತ್ರೀ’ ನೋಡಲು ಒಂದೇ ಅಕ್ಷರ. ಯಂತ್ರಕ್ಕೆ ಅದು ಆರು ಸಂಕೇತ, ಹದಿನೆಂಟು ಬೈಟ್. ‘ಕೋ’ ಎಂಬುದರ ದೀರ್ಘ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಸಿ ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಡಿಫ್‌ಗೆ ಮಾತ್ರ ಒಂದು ತಪ್ಪು, ಇನ್ನೊಂದು ಒಪ್ಪು! ಕನ್ನಡಕ್ಕಾಗಿ ದುಡಿಯುವವರು ಇಂಥ ಕಾಣದ ವ್ಯತ್ಯಾಸಗಳ ಮೇಲೂ ಕಣ್ಣಿಡಬೇಕಾಗುತ್ತದೆ.

ಗುಡ್ಡದ ಮೇಲಿನ ಸಿಗ್ನಲ್

ಈ ಹಳೆಯ ಕ್ರಮದಿಂದ ಸುಳ್ಯ, ಕಡಬದವರಿಗೇನು ಲಾಭ? ಉತ್ತರ ಮಳೆಗಾಲದಲ್ಲಿದೆ. ಗಾಳಿಗೆ ಮರ ಬಿದ್ದು ತಂತಿ ಹರಿದರೆ ಕರೆಂಟು ಬರುವುದು ಯಾವಾಗಲೋ; ಕರೆಂಟಿಲ್ಲದಿದ್ದರೆ ಟವರೂ ಮೌನ. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ತೋಟದ ಮನೆಗಳಿಗೆ ಮರಳಿದ ಎಂಜಿನಿಯರುಗಳೂ ಊರಿನ ವಿದ್ಯಾರ್ಥಿಗಳೂ ಸಿಗ್ನಲ್ ಅರಸಿ ಗುಡ್ಡ ಹತ್ತಿದ್ದನ್ನು ಈ ಭಾಗದವರು ಮರೆತಿಲ್ಲ. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಗುತ್ತಿಗಾರು ಬಳಿ, ಸುರಿವ ಮಳೆಯಲ್ಲಿ ಅಪ್ಪ ಹಿಡಿದ ಕೊಡೆಯಡಿ ರಸ್ತೆಬದಿ ಕುಳಿತು ಪಾಠ ಕೇಳುತ್ತಿದ್ದ ವಿದ್ಯಾರ್ಥಿನಿಯ ಚಿತ್ರ ದೇಶದ ಗಮನ ಸೆಳೆದಿತ್ತು.

ಪಾಠ ನೇರಪ್ರಸಾರವಾಗುವಾಗ ಸಂಪರ್ಕ ಕಡಿದರೆ ಕಡಿದಂತೆಯೇ. ಇ-ಮೇಲ್‌ನ ಸ್ವಭಾವ ಬೇರೆ, ಅದು ಕಾಯಬಲ್ಲದು. ಗಿಟ್‌ನಲ್ಲಿ ಮೂಲದ ಪೂರ್ತಿ ಪ್ರತಿ, ಅದರ ಚರಿತ್ರೆ ಸಹಿತ, ಬರೆಯುವವನ ಗಣಕದಲ್ಲೇ ಇರುತ್ತದೆ. ಸಂಪರ್ಕವಿಲ್ಲದೆಯೇ ಓದಬಹುದು, ತಿದ್ದಬಹುದು, ಪರೀಕ್ಷಿಸಬಹುದು, ಪತ್ರ ಸಿದ್ಧಮಾಡಿ ಇಡಬಹುದು. ಕೆಲವೇ ಕಿಲೋಬೈಟ್ ತೂಕದ ಆ ಪತ್ರ, ಸಿಗ್ನಲ್ ಬಂದ ಅರೆಗಳಿಗೆಯಲ್ಲಿ ಹೊರಟುಹೋಗುತ್ತದೆ. 1995ರ ಆಗಸ್ಟ್ 15ರಂದು ವಿಎಸ್ಎನ್ಎಲ್ ಸಾರ್ವಜನಿಕರಿಗೆ ಅಂತರಜಾಲ ತೆರೆದ ಮೇಲಿನ ವರ್ಷಗಳಲ್ಲಿ, ಫೋನ್ ಬಿಲ್ಲಿಗೆ ಹೆದರಿ ಪತ್ರವನ್ನು ಮೊದಲೇ ಬರೆದಿಟ್ಟು, ಸಂಪರ್ಕ ಹಿಡಿದು ಕಳಿಸಿ, ತಟ್ಟನೆ ಕಡಿದುಬಿಡುತ್ತಿದ್ದವರಿಗೆ ಈ ಮಿತವ್ಯಯ ಚೆನ್ನಾಗಿ ಗೊತ್ತು.

ದಾರಿ ಸಲೀಸಾಗಿದೆ ಎಂದಲ್ಲ. ಲೈನಕ್ಸ್‌ನ ಮೂಲವನ್ನು ಮೊದಲ ಸಲ ಪೂರ್ತಿ ಇಳಿಸಿಕೊಳ್ಳಲು ಗಿಗಾಬೈಟ್‌ಗಟ್ಟಲೆ ಬೇಕು. ಅದಕ್ಕೆ ಪೇಟೆಗೇ ಹೋಗಬೇಕಾದೀತು. 2022ರಿಂದ ಜಿಮೇಲ್ ಮಾಮೂಲಿ ಗುಪ್ತಪದವನ್ನು ಇಂಥ ಆದೇಶಗಳಿಗೆ ಒಪ್ಪುವುದಿಲ್ಲ; ಪ್ರತ್ಯೇಕ ಗುಪ್ತಪದ ಪಡೆಯಬೇಕು. ಪತ್ರ ಇಂಗ್ಲಿಷಿನಲ್ಲೇ ಇರಬೇಕು. ಮೇಲಾಗಿ ಟೀಕೆ ನಾಲ್ಕು ಜನರೆದುರು ಬರುತ್ತದೆ. ಮೊದಲ ತೇಪೆಯನ್ನು ಖಾಲಿ ಜಾಗದ ತಪ್ಪಿಗಾಗಿ ತಿರುಗಿಸಿದಾಗ ಸಂಕೋಚದ ಹುಡುಗ ಮತ್ತೆ ಬರೆಯದೇ ಇರಬಹುದು. 2008ರಲ್ಲಿ ಬಂದ ಗಿಟ್‌ಹಬ್‌ನಂಥ ತಾಣಗಳಲ್ಲಿ ಗುಂಡಿ ಒತ್ತಿ ತಿದ್ದುಪಡಿ ಸಲ್ಲಿಸುವುದೇ ಈಗ ಹೆಚ್ಚಿನವರ ರೂಢಿ. ಆದರೂ ಲೈನಕ್ಸ್ ಮತ್ತು ಸ್ವತಃ ಗಿಟ್ ಇ-ಮೇಲನ್ನು ಬಿಟ್ಟಿಲ್ಲ. ಯಾವುದೇ ಒಂದು ಕಂಪನಿಯ ಬಾಗಿಲು ತಟ್ಟದೆ, ಯಾರ ಇ-ಮೇಲ್ ವಿಳಾಸದಿಂದಲೂ ಪಾಲ್ಗೊಳ್ಳಬಹುದೆಂಬುದು ಅದಕ್ಕಿರುವ ಒಂದು ದೊಡ್ಡ ಸಮರ್ಥನೆ. ಬಿಟ್‌ಕೀಪರ್ ಕಲಿಸಿದ ಪಾಠವೂ ಅದೇ ಅಲ್ಲವೆ?

ಕುರುಂಜಿ ವೆಂಕಟರಮಣ ಗೌಡರು 1986ರಲ್ಲಿ ಸುಳ್ಯಕ್ಕೆ ಎಂಜಿನಿಯರಿಂಗ್ ಕಾಲೇಜು ತಂದರು. ಪುತ್ತೂರಿನಲ್ಲಿ ವಿವೇಕಾನಂದ ಎಂಜಿನಿಯರಿಂಗ್ ಕಾಲೇಜು 2001ರಲ್ಲಿ ಆರಂಭವಾಯಿತು. ಈ ಎರಡು ತಾಲ್ಲೂಕುಗಳ ಗ್ರಾಮಗಳು ಸೇರಿ ಕಡಬ ಪ್ರತ್ಯೇಕ ತಾಲ್ಲೂಕಾಯಿತು. ಓದಿದವರು ಬೆಂಗಳೂರಿನ ಬಸ್ಸು ಹತ್ತುವುದೇ ಇಲ್ಲಿಯ ರೂಢಿ. ತೇಪೆಯ ಟಪಾಲಿಗೆ ಮಾತ್ರ ಕಳಿಸಿದವನ ಊರು ಯಾವುದೆಂಬುದು ಬೇಕಿಲ್ಲ. ಅದು ಕೇಳುವುದು ಎರಡೇ: ತಿದ್ದುಪಡಿ ಸರಿಯೇ, ಕೆಳಗೆ ಹೆಸರಿದೆಯೇ?

ಹಳೆಯ ಪುಸ್ತಕದ ತಪ್ಪು–ಒಪ್ಪು ಪಟ್ಟಿಯಲ್ಲಿ ತಪ್ಪು ಹಿಡಿದವನ ಹೆಸರು ಸಾಮಾನ್ಯವಾಗಿ ಇರುತ್ತಿರಲಿಲ್ಲ. ಮರುಮುದ್ರಣವಾದೊಡನೆ ಪಟ್ಟಿಯೂ ಮಾಯವಾಗುತ್ತಿತ್ತು. ಇಲ್ಲಿ ಒಂದೇ ಒಂದು ಸಾಲು ತಿದ್ದಿದವನ ಹೆಸರೂ ದಿನಾಂಕ ಸಹಿತ ಚರಿತ್ರೆಯಲ್ಲಿ ಉಳಿಯುತ್ತದೆ. ಮುಂದೆಂದೋ ಆ ಸಾಲನ್ನು ನೋಡುವ ಅಪರಿಚಿತನೊಬ್ಬ, ಇದನ್ನು ಬರೆದವರು ಯಾರು ಎಂದು ಕೇಳಿದರೆ, ಗಿಟ್ ಆ ಹೆಸರನ್ನು ಹೇಳುತ್ತದೆ.